ಅಪ್ಪನ ಕೋವಿ, ಮಗನ ಗನ್‌ಮ್ಯಾನ್ ಕೆಲಸ

ಹೋದ ವಾರ ಜೋಳಕ್ಕೆ ಎರಡನೇ ಸಲ ಗೊಬ್ಬರ ಕೊಡ್ತಾ ಇದ್ದೆ. ಪಕ್ಕದ ಜಮೀನಿನ ಹುಡುಗ ಬದುವಿನ ಮೇಲೆ ಬಂದು ನಿಂತ. ಡಿಗ್ರಿ ಮುಗಿಸಿದ್ದಾನೆ, ವಯಸ್ಸು 23. ಬೆಂಗಳೂರಿನ ಒಂದು ಸೆಕ್ಯೂರಿಟಿ ಏಜೆನ್ಸಿಯಲ್ಲಿ ಕೆಲಸ ಸಿಕ್ಕಿದೆಯಂತೆ, ಎಟಿಎಂಗೆ ದುಡ್ಡು ತುಂಬೋ ವ್ಯಾನ್ ಜೊತೆ ಹೋಗೋದು. "ಅಣ್ಣ, ಬರೀ ಗಾರ್ಡ್ ಆದ್ರೆ ಒಂದು ಸಂಬಳ. ಮನೇಲಿರೋ ಕೋವಿನ ಲೈಸೆನ್ಸ್ ಸಮೇತ ತಂದ್ರೆ ತಿಂಗಳಿಗೆ ನಾಲ್ಕು ಸಾವಿರ ಜಾಸ್ತಿ ಅಂತವ್ರೆ. ಅಪ್ಪಂದು ಹೆಂಗೂ ಬೀರಲ್ಲಿ ಬಿದ್ದೈತೆ, ತಗೊಂಡ್ ಹೋಗ್ಲಾ?" ಅಂದ.

ಬೇಡ ಕಣೋ ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ನೆಂಟರ ಮನೆಗಳಲ್ಲೂ ಇದೇ ಮಾತು ಕೇಳಿದ್ದೀನಿ.

ಮೊದಲು ಅಪ್ಪನ ಲೈಸೆನ್ಸ್ ಪುಸ್ತಕ ತೆಗೆಸಿದೆ. ನೋಡಬೇಕಾದ್ದು ಎರಡೇ ವಿಷಯ. ಯಾವ ಉದ್ದೇಶಕ್ಕೆ ಕೊಟ್ಟಿದ್ದಾರೆ, ಎಲ್ಲಿವರೆಗೆ ನಡೆಯುತ್ತೆ. ಅವರದು ಬೆಳೆ ರಕ್ಷಣೆಗೆ ಕೊಟ್ಟ ಒಂಟಿ ನಳಿಗೆ ಕೇಪಿನ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಮದ್ದು ತುಂಬೋ ಕೋವಿಯನ್ನ ನಿಜವಾದ ಬೆಳೆ ರಕ್ಷಣೆಗೆ ಅಂತ ಬೇರೆಯಾಗಿ ಹೆಸರಿಸಿದ್ದಾರೆ. ನಮ್ಮ ಹೊಲ ಕಾಯೋಕೆ ಕೊಟ್ಟ ಕಾಗದ ಅದು, ಬೆಂಗಳೂರಿನ ರಸ್ತೆಯಲ್ಲಿ ಬ್ಯಾಂಕಿನ ದುಡ್ಡು ಕಾಯೋಕಲ್ಲ. (ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಹಂದಿ ಹೊಡೀಬಹುದು ಅಂತಲೂ ಅಲ್ಲ. ಅದು 1972ರ ವನ್ಯಜೀವಿ ಕಾಯ್ದೆ, ಅರಣ್ಯ ಇಲಾಖೆ ವಿಚಾರ. ಇನ್ನೊಂದು ದಿನ ಬರೀತೀನಿ.)

ಎರಡನೇದು, ಲೈಸೆನ್ಸ್ ಇರೋದು ಮನುಷ್ಯನ ಹೆಸರಿಗೆ, ಮನೆಗಲ್ಲ. ನಾವು ಟ್ರ್ಯಾಕ್ಟರ್ ಥರ ಮನೆ ಕೋವಿ ಅಂತೀವಿ, ಕಾನೂನು ಹಂಗೆ ನೋಡಲ್ಲ. ಲೈಸೆನ್ಸ್ ಇಲ್ಲದ ಮಗ ಅಪ್ಪನ ಕೋವಿ ಹಿಡೀಬೇಕು ಅಂದ್ರೆ ಅಪ್ಪ ಜೊತೆಯಲ್ಲಿರಬೇಕು, ಇಲ್ಲಾ ಬರೆದು ಕೊಟ್ಟಿರಬೇಕು. ಅದೂ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಇಲ್ಲಾ ಅಪ್ಪನೇ ಬಳಸೋಕೆ ಒಯ್ಯುವಾಗ ಮಾತ್ರ. ಸಂಬಳಕ್ಕೆ ದುಡಿಯೋಕೆ ಅಂತ ಅಲ್ಲೆಲ್ಲೂ ಇಲ್ಲ. ಸಿಕ್ಕಿಬಿದ್ರೆ ಲೈಸೆನ್ಸ್ ಇಲ್ಲದೆ ಕೋವಿ ಹೊತ್ತ ಕೇಸು. 2019ರ ತಿದ್ದುಪಡಿ ಆದಮೇಲೆ ಅದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಷರತ್ತು ಮುರಿದಿದ್ದಕ್ಕೆ ಅಪ್ಪನ ಲೈಸೆನ್ಸೂ ಹೋಗಬಹುದು. ನಾಲ್ಕು ಸಾವಿರಕ್ಕೆ ಇಬ್ಬರೂ ಕೋರ್ಟು ಅಲೀಬೇಕು. ಏಜೆನ್ಸಿಯೋನು ಆವತ್ತು ಫೋನ್ ಎತ್ತುತ್ತಾನಾ?

ಈ ಏಜೆನ್ಸಿಗಳಿಗೆ ಕೋವಿ ಇರೋ ಹುಡುಗರು ಯಾಕೆ ಬೇಕು ಅಂತ ಅರ್ಥ ಮಾಡ್ಕೊಳ್ಳಿ. ಬ್ಯಾಂಕಿನ ದುಡ್ಡು ಸಾಗಿಸೋ ವ್ಯಾನಿನಲ್ಲಿ ಡ್ರೈವರ್, ಇಬ್ಬರು ಕ್ಯಾಶ್ ನೋಡ್ಕೊಳ್ಳೋರು, ಇಬ್ಬರು ಶಸ್ತ್ರಧಾರಿ ಗಾರ್ಡ್ ಇರಬೇಕು ಅಂತ 2018ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಅಷ್ಟು ಗನ್‌ಮ್ಯಾನ್‌ಗಳನ್ನ ಸರಿಯಾದ ದಾರೀಲಿ ಹೊಂದಿಸೋಕೆ ಸಮಯ ಬೇಕು, ಖರ್ಚೂ ಇದೆ. ಹಳ್ಳಿಯಿಂದ ಕೋವಿ ಸಮೇತ ಹುಡುಗ ಬಂದ್ರೆ ಅವರಿಗೆ ಸಲೀಸು. ನನ್ನ ಪ್ರಕಾರ ಆ ನಾಲ್ಕು ಸಾವಿರ ಸಂಬಳ ಅಲ್ಲ, ಅಪ್ಪನ ಕೋವಿಗೆ ಬಾಡಿಗೆ. ಅಪಾಯವೆಲ್ಲ ನಮ್ಮ ಮನೇದು.

ಅಪಾಯ ಅಂದ್ರೆ ಬರೀ ಕೇಸಲ್ಲ. 2025ರ ಜನವರಿ 16ರಂದು ಬೀದರ್‌ನಲ್ಲಿ ಎಟಿಎಂಗೆ ದುಡ್ಡು ತುಂಬೋಕೆ ಹೊರಟಿದ್ದವರ ಮೇಲೆ ಬೈಕಿನಲ್ಲಿ ಬಂದೋರು ಹಾಡುಹಗಲೇ ಗುಂಡು ಹಾರಿಸಿ ಪೆಟ್ಟಿಗೆ ಹೊತ್ಕೊಂಡು ಹೋದ್ರು. ಒಬ್ಬ ನೌಕರ ಪ್ರಾಣ ಬಿಟ್ಟ. ಅಂಥ ಜಾಗದಲ್ಲಿ ಕೇಪಿನ ಕೋವಿ ಹಿಡಿದು ನಿಂತ ನಮ್ಮ ಹುಡುಗನನ್ನ ನೆನೆಸ್ಕೊಳ್ಳಿ. ಒಂದು ಗುಂಡು ಹಾರಿದ ಮೇಲೆ ಮತ್ತೆ ಮದ್ದು ಜಡಿದು ತುಂಬಬೇಕು.

ಈ ಕೆಲಸಕ್ಕೆ ಹೋಗಲೇಬಾರದು ಅಂತ ನಾನು ಹೇಳ್ತಿಲ್ಲ. ಜೋಳದ ರೇಟು, ತೆಂಗಿನ ರೋಗ ನೋಡಿದ್ರೆ ಹುಡುಗರನ್ನ ಊರಲ್ಲೇ ಇರಿ ಅನ್ನೋಕೆ ನನಗೂ ಬಾಯಿ ಬರಲ್ಲ. ಆದ್ರೆ ಸರಿಯಾದ ದಾರೀಲಿ ಹೋಗ್ಲಿ. 2005ರ ಖಾಸಗಿ ಸೆಕ್ಯೂರಿಟಿ ಏಜೆನ್ಸಿ ಕಾಯ್ದೆ ಪ್ರಕಾರ ಏಜೆನ್ಸಿಗೂ ಲೈಸೆನ್ಸ್ ಇರಬೇಕು, ಗಾರ್ಡ್‌ಗೆ ತರಬೇತಿ ಆಗಿರಬೇಕು. ಎರಡನ್ನೂ ಮುಖ ನೋಡದೆ ಕೇಳಿ. ಗಾರ್ಡ್ ಆಗೋಕೆ 18 ವರ್ಷ ಸಾಕು, ಕೋವಿ ಲೈಸೆನ್ಸಿಗೆ 21 ಆಗಿರಬೇಕು. ಬ್ಯಾಂಕಿನ ಹೆಸರಲ್ಲಿರೋ ಬಂದೂಕ ಕೈಗೆ ಕೊಟ್ರೆ, ಆ ಲೈಸೆನ್ಸಿನಲ್ಲಿ ರಿಟೇನರ್ ಅಂತ ನಿಮ್ಮ ಹೆಸರು ಸೇರಿದೆಯಾ ಅಂತ ಕಣ್ಣಾರೆ ನೋಡಿ. ಸ್ವಂತಕ್ಕೆ ಲೈಸೆನ್ಸ್ ಮಾಡಿಸೋದಾದ್ರೆ ಸೆಕ್ಯೂರಿಟಿ ಕೆಲಸಕ್ಕೆ ಬೇಕು ಅಂತ ಅರ್ಜಿಯಲ್ಲೇ ಬರೆದು, ಡಿಸಿ ಕಚೇರಿಯಿಂದ ಬರಹದಲ್ಲೇ ಉತ್ತರ ತಗೊಳ್ಳಿ. ಬಾಯಿಮಾತಲ್ಲಿ "ನಡೆಯುತ್ತೆ ಬಿಡಿ" ಅಂದ್ರೆ ನಂಬಬೇಡಿ. ಬಸ್ಸಿನಲ್ಲಿ ಹೆಗಲಿಗೆ ನೇತುಹಾಕ್ಕೊಂಡು ಹೋಗೋ ಹಾಗೂ ಇಲ್ಲ, 2016ರ ನಿಯಮದಲ್ಲಿ ಸಾರ್ವಜನಿಕ ಜಾಗದಲ್ಲಿ ಕೋವಿ ಚೀಲದೊಳಗೇ ಇರಬೇಕು.

ನಮ್ಮ ಅರಕಲಗೂಡು ಕಡೆಯೋರು "ಕೊಡಗಿನೋರಿಗೆ ಲೈಸೆನ್ಸೇ ಬೇಡ, ನಮಗ್ಯಾಕೆ?" ಅಂತ ವಾದ ಮಾಡ್ತಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ, ಅದೂ 2029ರವರೆಗೆ. ಗಡಿಯ ಈಚೆಗಿರೋ ನಮಗೆ ಅದು ಅನ್ವಯಿಸಲ್ಲ.

ಹುಡುಗನ ಅಪ್ಪನಿಗೆ ಈಗ 72. ಅವರಿಗೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಲೈಸೆನ್ಸುದಾರನಿಗೆ 70 ತುಂಬಿದ್ರೆ, ಇಲ್ಲಾ ಕೋವಿ ಇಟ್ಕೊಂಡು 25 ವರ್ಷ ಆಗಿದ್ರೆ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಬಹುದು. ತೀರಿಕೊಂಡ ಮೇಲೆ ಸ್ಟೇಷನ್ನಿಗೆ ಕೋವಿ ಒಪ್ಪಿಸಿ ಓಡಾಡೋದಕ್ಕಿಂತ ಇದು ವಾಸಿ. ಹೊಲ ನೋಡ್ಕೊಳ್ಳೋ ದೊಡ್ಡ ಮಗನ ಹೆಸರಿಗೆ ಹಾಕೋಣ ಅಂತ ಮಾತಾಯ್ತು, ಸೋಮವಾರ ಹಾಸನಕ್ಕೆ ಹೋಗ್ತಿದ್ದೀವಿ. ಚಿಕ್ಕವನು ನಿನ್ನೆ ಸಂಜೆ ಬಸ್ಸಿಗೆ ಬೆಂಗಳೂರಿಗೆ ಹೊರಟ, ಬರೀ ಗಾರ್ಡ್ ಕೆಲಸಕ್ಕೆ. ಬ್ಯಾಗಲ್ಲಿ ಅವರಮ್ಮ ಕಟ್ಟಿಕೊಟ್ಟ ರಾಗಿ ಹಿಟ್ಟು ಮಾತ್ರ ಇತ್ತು.