ಆಟದ ಮೆರುಗು ಮತ್ತು ತಿರುಳು

ಆಟವೆಂಬುದು ಕೇವಲ ಕಾಲಹರಣದ ಸಾಧನವಲ್ಲ. ಗೆಲ್ಲುವ ಆಸೆಯನ್ನು ನಿಯಮದ ಕಟ್ಟಿನೊಳಗೆ ಹಿಡಿದಿಡುವುದನ್ನೂ ಎದುರಾಳಿಯ ಮನಸ್ಸನ್ನು ಊಹಿಸುವುದನ್ನೂ ಸೋತಾಗ ಕುಗ್ಗದಿರುವುದನ್ನೂ ಮಗು ಮೊದಲು ಕಲಿಯುವುದು ಆಟದಲ್ಲಿಯೇ. ಆದುದರಿಂದ ಮಕ್ಕಳು ಎಂತಹ ಆಟವನ್ನು ಆಡುತ್ತಾರೆಂಬುದು ಉಪೇಕ್ಷಿಸತಕ್ಕ ವಿಷಯವಲ್ಲ. ಇಂದು ಚಾಮರಾಜನಗರದ ಬೀದಿಯಲ್ಲಾಗಲಿ ಗುಂಡ್ಲುಪೇಟೆಯ ಕಡೆಯ ಹಳ್ಳಿಯ ಜಗಲಿಯಲ್ಲಾಗಲಿ, ಹುಡುಗರು ಮೊಬೈಲಿನಲ್ಲಿ ವಿಡಿಯೋ ಆಟವಾಡುವುದು ಸಾಮಾನ್ಯ ನೋಟವಾಗಿದೆ. ಈ ಆಟಗಳೆಲ್ಲವೂ ಕೆಟ್ಟವೆಂದು ಜರೆಯುವುದು ಸುಲಭ. ಕಣ್ಣಿಗೆ ಚೆಂದವಾಗಿರುವುದರಿಂದ ಒಳ್ಳೆಯವೆಂದು ಹೊಗಳುವುದೂ ಸುಲಭ. ಎರಡೂ ವಿವೇಕದ ಮಾರ್ಗವಲ್ಲ. ಅವುಗಳಲ್ಲಿ ಮೆರುಗು ಎಷ್ಟು, ತಿರುಳು ಎಷ್ಟು ಎಂದು ತೂಗಿ ನೋಡಬೇಕು.

ಆಟದ ತಿರುಳು ಎಂದರೇನು? ನಮ್ಮ ಹುಲಿ-ಕುರಿ ಆಟವನ್ನು ನೋಡಿದರೆ ಇದಕ್ಕೆ ಉತ್ತರ ದೊರೆಯುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರ ಅರಣ್ಯವು 1973ರಲ್ಲಿಯೇ ಹುಲಿ ಯೋಜನೆಗೆ ಸೇರಿತು. ಅದರ ಅಂಚಿನಲ್ಲಿ ದನಕುರಿ ಮೇಯಿಸಿ ಬಾಳುವವರಿಗೆ ಹುಲಿಯ ಭಯ ಬರಿಯ ಕಥೆಯಲ್ಲ. ಆ ಭಯವನ್ನೇ ಬುದ್ಧಿಯ ಕಸರತ್ತಾಗಿ ಮಾಡಿದ ಆಟವಿದು. ಇದನ್ನು ಆಡುವ ಕ್ರಮಗಳು ಹಲವು. ಮೂರು ಹುಲಿಗಳಿಗೆ ಹದಿನೈದು ಕುರಿಗಳನ್ನಿಟ್ಟು ಆಡುವುದು ಅವುಗಳಲ್ಲೊಂದು. ಹುಲಿ ಕುರಿಯ ಮೇಲೆ ಹಾರಿ ಅದನ್ನು ಕೊಲ್ಲಬಹುದು. ಕುರಿಗೆ ಆ ಬಲವಿಲ್ಲ. ಆದರೆ ಕುರಿಗಳು ಒಂದಕ್ಕೊಂದು ಬೆನ್ನಾಗಿ ನಿಂತರೆ ಹುಲಿಗೆ ಹಾರಲು ತೆರಪೇ ಸಿಗದು. ಬಿಡಿಯಾಗಿ ದುರ್ಬಲರಾದವರು ಒಗ್ಗಟ್ಟಿನಿಂದ ಬಲಶಾಲಿಯನ್ನು ಕಟ್ಟಿಹಾಕಬಹುದೆಂಬ ಸತ್ಯವನ್ನು ಯಾರ ಉಪದೇಶವೂ ಇಲ್ಲದೆ ಆಟವೇ ಕಲಿಸುತ್ತದೆ. ಇದಕ್ಕೆ ಬೇಕಾದುದು ನೆಲದ ಮೇಲೆ ಗೀಚಿದ ಕೆಲವು ಗೆರೆ, ಒಂದು ಹಿಡಿ ಕಲ್ಲು. ಪ್ರತಿ ನಡೆಯಲ್ಲಿಯೂ ಆಟಗಾರನ ಮುಂದೆ ನಿಜವಾದ ಆಯ್ಕೆಯೊಂದನ್ನು ಇಡುವುದೇ ಆಟದ ತಿರುಳು.

ಹಾಗೆಂದು ಸೊಗಸನ್ನು ಅಲ್ಲಗಳೆಯಬೇಕಾಗಿಲ್ಲ. 1826ರಲ್ಲಿ ಚಾಮರಾಜನಗರದ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ವಿಷಯದಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನವುಂಟು. ಅವರ ಆಶ್ರಯದಲ್ಲಿ ಗಂಜೀಫಾ ಎಲೆಗಳು ದೇವತೆಗಳ ಚಿತ್ರಗಳಿಂದ ಕಂಗೊಳಿಸಿದವು. ಅಲ್ಲಿ ಚಿತ್ರ ಆಟಕ್ಕೆ ಒದಗಿತೇ ಹೊರತು ಆಟವನ್ನು ಮರೆಸಲಿಲ್ಲ. ಚದುರಂಗದ ಅರವತ್ತನಾಲ್ಕು ಮನೆಗಳನ್ನೂ ಕುದುರೆಯ ನಡೆಯಲ್ಲಿ ಒಂದೊಂದೇ ಸಲ ಮೆಟ್ಟಿ ಮುಗಿಸುವ ಕಠಿಣ ಸಮಸ್ಯೆಯನ್ನೂ ಒಡೆಯರು ಬಿಡಿಸಿದ್ದರು. ಆ ಸಮಸ್ಯೆಯನ್ನು ದಂತದ ಹಾಸಿನ ಮೇಲೆ ಇಟ್ಟರೂ ಮಣ್ಣಿನ ಮೇಲೆ ಬರೆದರೂ ಅದರ ಕಾಠಿಣ್ಯ ಒಂದೇ.

ಇದೇ ಮಾತು ಯಂತ್ರದ ಆಟಗಳಿಗೂ ಸಲ್ಲುತ್ತದೆ. 1984ರಲ್ಲಿ ಮಾಸ್ಕೋವಿನಲ್ಲಿ ಅಲೆಕ್ಸಿ ಪಜಿತ್ನೊವ್ ಎಂಬವರು ‘ಟೆಟ್ರಿಸ್’ ಆಟವನ್ನು ರಚಿಸಿದರು. ಅವರ ಕಂಪ್ಯೂಟರಿಗೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿ ಅವರು ಚೌಕಗಳನ್ನು ಮಾಡಿದರು. ಮೇಲಿನಿಂದ ಬೀಳುವ ಏಳು ಬಗೆಯ ಆಕಾರಗಳನ್ನು ಸಂದಿಲ್ಲದಂತೆ ಹೊಂದಿಸುವುದಷ್ಟೇ ಆಟ. ಅದು ಇಂದಿಗೂ ಜಗತ್ತಿನಲ್ಲೆಲ್ಲ ಬಾಳಿದೆ. ಇದಕ್ಕೆ ವಿರುದ್ಧವಾಗಿ, 1982ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು ‘ಇ.ಟಿ.’ ಎಂಬ ಜನಪ್ರಿಯ ಚಲನಚಿತ್ರದ ಹೆಸರನ್ನೇ ನೆಚ್ಚಿ, ಸುಮಾರು ಐದು ವಾರಗಳಲ್ಲಿ ಒಂದು ಆಟವನ್ನು ಸಿದ್ಧಪಡಿಸಿ ಮಾರಿತು. ಹೆಸರು ದೊಡ್ಡದು, ಆಟ ಬಡವು. ಮಾರಾಟವಾಗದೆ ಉಳಿದ ಪ್ರತಿಗಳಲ್ಲಿ ಹಲವನ್ನು ಮರುವರ್ಷ ನ್ಯೂ ಮೆಕ್ಸಿಕೋದ ಕಸದ ಗುಂಡಿಯಲ್ಲಿ ಹೂಳಬೇಕಾಯಿತು. ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ನಮ್ಮ ಗಾದೆಗೆ ಇದಕ್ಕಿಂತ ನಿದರ್ಶನ ಬೇಕೆ?

ಇಂದಿನ ಮೊಬೈಲ್ ಆಟಗಳಲ್ಲಿ ಮೆರುಗು ಮತ್ತೊಂದು ರೂಪ ತಾಳಿದೆ. ಅದು ಬಿಡಿಯಾಗಿ ಮಾರಾಟಕ್ಕಿಟ್ಟ ಸರಕಾಗಿದೆ. ಆಟದ ವೀರನಿಗೆ ಹೊಸ ಉಡುಪು, ಬಂದೂಕಿಗೆ ಹೊಸ ಬಣ್ಣ—ಇವನ್ನು ಹಣ ತೆತ್ತು ಕೊಳ್ಳಬೇಕು. ಎಷ್ಟೋ ವೇಳೆ ಇವುಗಳಿಂದ ಆಟಗಾರನ ಚಾತುರ್ಯವೂ ಹೆಚ್ಚುವುದಿಲ್ಲ, ವೀರನ ಬಲವೂ ಹೆಚ್ಚುವುದಿಲ್ಲ. ಆದರೂ ಗೆಳೆಯನ ವೀರನಿಗೆ ಇರುವ ಉಡುಪು ತನ್ನವನಿಗೆ ಇಲ್ಲವೆಂಬ ಕೊರಗು ಹುಡುಗನನ್ನು ಕಾಡುತ್ತದೆ. ಕೂಲಿಯಿಂದ ಸಂಸಾರ ನಡೆಯುವ ಮನೆಯಲ್ಲಿ ಈ ಕೊರಗು ಸಣ್ಣದಲ್ಲ. ಅದಕ್ಕೆ ತೆರುವ ಹಣವೂ ಸಣ್ಣದಲ್ಲ. ಹಣಕ್ಕಿಂತ ಹೆಚ್ಚಾಗಿ ವ್ಯಯವಾಗುವುದು ಬಾಲ್ಯದ ಕಾಲ. ಅದನ್ನು ಯಾವ ಅಂಗಡಿಯಲ್ಲಿಯೂ ಮರಳಿ ಕೊಳ್ಳಲಾಗದು.

ಆಧುನಿಕ ಆಟವನ್ನು ಬಿಟ್ಟು ಹಳೆಯದಕ್ಕೆ ಮರಳಿ ಎಂಬುದು ಈ ಮಾತಿನ ಅರ್ಥವಲ್ಲ. ಪುಣೆಯ ತಂಡವೊಂದು 2020ರಲ್ಲಿ ಹೊರತಂದ ‘ರಾಜಿ’ ಎಂಬ ವಿಡಿಯೋ ಆಟದಲ್ಲಿ ನೆರಳುಗೊಂಬೆಯಾಟದ ರೀತಿಯನ್ನು ಕಥೆ ಹೇಳಲು ಬಳಸಿಕೊಂಡಿದ್ದಾರೆ. ಅಲಂಕಾರವು ಅರ್ಥವನ್ನು ಹೊತ್ತು ತಂದರೆ ಅದು ಹೊರೆಯಲ್ಲ, ಸಂಪತ್ತು. ಕಾವ್ಯದಲ್ಲಿಯೂ ನಾವು ಒಪ್ಪುವುದು ಇದನ್ನೇ ಅಲ್ಲವೇ?

ಆಟವೊಂದು ಕೈಗೆ ಬಂದಾಗ ವಿದ್ಯಾರ್ಥಿಗಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು: ಇದರ ಬಣ್ಣ, ಸದ್ದು, ಉಡುಪುಗಳನ್ನೆಲ್ಲ ಕಳಚಿಟ್ಟರೆ ನಾನು ಯೋಚಿಸಬೇಕಾದುದು ಏನಾದರೂ ಉಳಿಯುವುದೇ? ಉಳಿಯುವುದಾದರೆ ಅದನ್ನು ಸಂತೋಷದಿಂದ, ಮಿತವಾಗಿ ಆಡಬಹುದು. ಉಳಿಯದಿದ್ದರೆ, ಆಡುತ್ತಿರುವವರು ನಾವಲ್ಲ. ನಮ್ಮನ್ನು ಬೇರೆ ಯಾರೋ ಆಡಿಸುತ್ತಿದ್ದಾರೆಂದು ತಿಳಿಯಬೇಕು.