ಯೆಜ್ಡಿಯನ್ನು ತಕ್ಕಡಿಗೆ ಹಾಕಬೇಡಿ

ನಮ್ಮ ಮೈಸೂರಲ್ಲೇ ತಯಾರಾದ ಗಾಡಿನ ಕೆಜಿ ಲೆಕ್ಕದಲ್ಲಿ ಗುಜರಿಗೆ ಕೊಡೋಕೆ ಮನಸ್ಸಾದ್ರೂ ಹೆಂಗೆ ಬರುತ್ತೆ ಕಣ್ರಪ್ಪಾ?

ನಮ್ಮಪ್ಪನ ಯೆಜ್ಡಿ ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಗುಜರಿಯವನು ಕಿಕ್ಕರ್ ಒತ್ತಿ ನೋಡಿ "ಇಂಜಿನ್ ಸೀಜ್ ಆಗಿದೆ" ಅಂದ. ಮಗನೂ ಕೊಟ್ಟುಬಿಡೋಣ ಅಂದ. ನಾನು ಒಪ್ಪಲಿಲ್ಲ. ಒದ್ದು ಜಬರ್ದಸ್ತಿ ಮಾಡಿದ್ರೆ ಪಿಸ್ಟನ್ ರಿಂಗ್ ಮುರಿಯುತ್ತೆ. ಪ್ಲಗ್ ಬಿಚ್ಚಿ ಆ ತೂತಿಗೆ ಆಯಿಲ್ ಬಿಟ್ಟು ಮೂರು ದಿನ ಸುಮ್ಮನಿದ್ದೆ. ಆಮೇಲೆ ಗೇರಿಗೆ ಹಾಕಿ ಹಿಂದಿನ ಚಕ್ರ ಮೆಲ್ಲಗೆ ಆಡಿಸಿದೆ, ಪಿಸ್ಟನ್ ಬಿಟ್ಕೊಂಡಿತು. ಟ್ಯಾಂಕಿನ ತುಕ್ಕು ತೊಳೆದು, ಕಾರ್ಬುರೇಟರ್ ಜೆಟ್ ಊದಿ, ಪಾಯಿಂಟ್ ಉಜ್ಜಿ, ಹೊಸ ಪ್ಲಗ್ ಹಾಕಿದೆ. ಪೆಟ್ರೋಲಿಗೆ ಟೂ ಸ್ಟ್ರೋಕ್ ಆಯಿಲ್ ಬೆರೆಸಿದೆ. ಒಂಬತ್ತನೇ ಕಿಕ್ಕಿಗೆ ಎರಡೂ ಸೈಲೆನ್ಸರ್ ಹೊಗೆ ಬಿಟ್ಟವು. ಮಗ ಓಡಿ ಬಂದ.

1996ರಲ್ಲೇ ಕಾರ್ಖಾನೆ ಮುಚ್ಚಿತು, ಯಾರು ರಿಪೇರಿ ಮಾಡ್ತಾರೆ ಅಂತೀರಿ. ಕೆಟ್ಟು ನಿಂತ ಪಂಪ್‌ಸೆಟ್ ಎಬ್ಬಿಸೋ ಕೈಗೆ ಇದೇನು ಮಹಾ? 15 ವರ್ಷ ದಾಟಿದ ಗಾಡಿಗೆ ಆರ್‌ಸಿ ನವೀಕರಿಸೋ ಓಡಾಟ ಇದೆ ನಿಜ, ಆದ್ರೆ ಅದಕ್ಕೆ ಹೆದರಿ ಅಪ್ಪನ ಗಾಡಿ ಕಬ್ಬಿಣದ ರೇಟಿಗೆ ಕೊಡೋದಾ?

ಗುಜರಿಯವನು ಬಂದ್ರೆ ಮೊದಲು ಪ್ಲಗ್ ಬಿಚ್ಚಿ ನೋಡಿ. ತಕ್ಕಡಿ ಆಮೇಲೆ.