ಹಗುರ ರೀಲೂ ನನ್ನ ಬಲ ಮೊಣಕೈಯೂ

ಮೊದಲೇ ಹೇಳಿಬಿಡ್ತೀನಿ, ಇದು ಮೀನು ಹಿಡಿಯೋ ವಿಷಯ. ಕವನ, ಸಿನೆಮಾ ವಿಮರ್ಶೆ ಹುಡುಕಿಕೊಂಡು ಬಂದವರು ಬೇಜಾರು ಮಾಡ್ಕೋಬೇಡಿ. ಆದರೆ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಒಂದೇ ಒಂದು ಅಂಕಿ ನೋಡಿ ಏನನ್ನಾದರೂ ಕೊಂಡ ಅಭ್ಯಾಸ ಇರೋರು ಓದಬಹುದು. ಕ್ಯಾಮೆರಾಕ್ಕೆ ಮೆಗಾಪಿಕ್ಸೆಲ್ ಹೇಗೋ, ಮೀನು ಹಿಡಿಯೋ ರೀಲಿಗೆ ಗ್ರಾಂ ಹಾಗೆ.

ಊರಲ್ಲಿ ಗಾಳ ಹಾಕೋದು ಅಂದ್ರೆ ನಿಮಗೆ ಗೊತ್ತಲ್ಲ. ಒಂದು ಬಿದಿರು ಕೋಲು, ದಾರ, ಗಾಳ, ತೆಂಗಿನ ಗರಟೆಯಲ್ಲಿ ಒಂದಿಷ್ಟು ಎರೆಹುಳ. ಹಾಕಿ ಸುಮ್ನೆ ಕೂತ್ಕೊಳ್ಳೋದು. ಇಲ್ಲಿ ಟೆಕ್ಸಸ್‌ನಲ್ಲಿ ಬಾಸ್ ಹಿಡಿಯೋರು ಕೂರಲ್ಲ ಮಾರಾಯ್ರೆ. ನಕಲಿ ಮೀನೋ ರಬ್ಬರ್ ಹುಳವೋ ಕಟ್ಟಿ ಎಸೀತಾರೆ, ಸುತ್ತಿ ಎಳೀತಾರೆ, ಮತ್ತೆ ಎಸೀತಾರೆ. ಬೆಳಗಿಂದ ಸಂಜೆವರೆಗೆ ನೂರಾರು ಸಲ. ನಾನು ಹೋಗೋ ಲೇಕ್ ಫೋರ್ಕ್ ಕೆರೆಯಲ್ಲಂತೂ 16 ಇಂಚಿನಿಂದ 24 ಇಂಚಿನವರೆಗಿನ ಬಾಸ್ ಸಿಕ್ಕರೆ ವಾಪಸ್ ನೀರಿಗೆ ಬಿಡಲೇಬೇಕು ಅಂತ ಕಾನೂನು. ಹಾಗಾಗಿ ಬಹಳಷ್ಟು ದಿನ ನಾನು ಮನೆಗೆ ತರೋದು ಕೈನೋವು ಮಾತ್ರ :-)

ಆ ಕೈನೋವೇ ಈ ಬರಹಕ್ಕೆ ಕಾರಣ. ಎರಡು ವರ್ಷದಿಂದ ನನ್ನ ಬಲ ಮೊಣಕೈ ಮಾತು ಕೇಳ್ತಿಲ್ಲ. ಟೆನಿಸ್ ಆಡದವನಿಗೂ ಟೆನಿಸ್ ಎಲ್ಬೋ ಬರುತ್ತಂತೆ. ಭಾರ ಕಮ್ಮಿ ಮಾಡಿ, ಇಲ್ಲಾಂದ್ರೆ ಮೀನು ಬಿಡಿ ಅಂದ್ರು ಫಿಸಿಯೋಥೆರಪಿಯವರು. ಮೀನು ಬಿಡೋಕಾಗುತ್ಯೇ? ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರೋನಿಗೆ ಶನಿವಾರದ ಆ ಕೆರೆ ಬಿಟ್ಟರೆ ಉಳಿಯೋದು ಬಟ್ಟೆ ಒಗೆಯೋದು, ದಿನಸಿ ತರೋದು ಅಷ್ಟೇ. ಭಾರ ಕಮ್ಮಿ ಮಾಡೋಣ ಅಂತ 150 ಗ್ರಾಂನ ಬೇಟ್‌ಕಾಸ್ಟಿಂಗ್ ರೀಲು ತಗೊಂಡು ಒಂದು ವರ್ಷ ಬಳಸಿದೆ. ಹಳೇದು 200 ಗ್ರಾಂ ಇತ್ತು. ಕಂಪನಿ ಹೆಸರು ಹೇಳಲ್ಲ. ನನ್ನ ಜಗಳ ಕಂಪನಿ ಜತೆ ಅಲ್ಲ, ಆ ಗ್ರಾಂ ಅನ್ನೋ ಅಂಕಿ ಜತೆ.

ಮೊದಲು ಕೈಯ ಲೆಕ್ಕ ನೋಡೋಣ. ರೀಲು ಕೂರೋದು ಅಂಗೈಯಲ್ಲೇ. ಅಂಗೈಯಿಂದ ಹೆಚ್ಚಂದ್ರೆ ಐದು ಸೆಂಟಿಮೀಟರ್ ಆಚೆ ಅಂತಿಟ್ಕೊಳ್ಳಿ. ಉಳಿಸಿದ್ದು 50 ಗ್ರಾಂ. ಐವತ್ತನ್ನು ಐದರಿಂದ ಗುಣಿಸಿದರೆ 250. ಈಗ ಏಳಡಿ ರಾಡಿನ ತುದಿಯಲ್ಲಿ, ಅಂಗೈಯಿಂದ ಸುಮಾರು 180 ಸೆಂಟಿಮೀಟರ್ ದೂರದಲ್ಲಿ, 10 ಗ್ರಾಂನ ನಕಲಿ ಮೀನು ನೇತಾಡ್ತಿದೆ. ಹತ್ತನ್ನು 180ರಿಂದ ಗುಣಿಸಿದರೆ 1800. ಮಣಿಕಟ್ಟನ್ನು ಬಗ್ಗಿಸೋದು ಯಾವುದು ಅಂತ ನೀವೇ ಹೇಳಿ. ತುದಿ ಭಾರ ಇರೋ ರಾಡಿಗೆ ತೀರಾ ಹಗುರ ರೀಲು ಹಾಕಿದರೆ ರಾಡು ಇನ್ನಷ್ಟು ಮುಂದಕ್ಕೆ ವಾಲುತ್ತೆ. ತಕ್ಕಡಿಯ ಒಂದು ತಟ್ಟೆಯಿಂದ ಬೊಟ್ಟು ತೆಗೆದ ಹಾಗೆ.

ಇನ್ನೊಂದು ತಮಾಷೆ. ಅಮೆರಿಕದಲ್ಲಿ ಬಹಳ ಜನ ಬಳಸೋದು ಬಲಗಡೆ ಹ್ಯಾಂಡಲ್ ಇರೋ ರೀಲು, ನಂದೂ ಅದೇ. ಬಲಗೈಯಲ್ಲಿ ಎಸೆದು, ರಾಡನ್ನು ಎಡಗೈಗೆ ಬದಲಾಯಿಸಿ, ಬಲಗೈಯಲ್ಲಿ ಹ್ಯಾಂಡಲ್ ತಿರುಗಿಸ್ತೀವಿ. ಅಂದ್ರೆ ಬಹುಪಾಲು ಹೊತ್ತು ರೀಲಿನ ಭಾರ ಹೊರೋದು ಎಡಗೈ. ನೋವಿರೋದು ಬಲಗೈಗೆ! ಅದು ನೋಯೋದು ತಿರುಗಿಸೋದರಿಂದ. ಗೇರ್ 8:1 ಇದ್ರೆ ಹ್ಯಾಂಡಲ್ ಒಂದು ಸುತ್ತು ಹಾಕಿದಾಗ ಸ್ಪೂಲು ಎಂಟು ಸುತ್ತು ಸುತ್ತುತ್ತೆ. ವೇಗವೇನೋ ಸಿಗುತ್ತೆ, ಆದರೆ ಆಳಕ್ಕೆ ಮುಳುಗೋ ಕ್ರ್ಯಾಂಕ್‌ಬೇಟ್ ಎಳೆಯುವಾಗ ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗಾಗುತ್ತೆ. ಅದೇ ಕೆಲಸಕ್ಕೆ 5:1 ಗೇರಿನ, ಉದ್ದ ಹ್ಯಾಂಡಲ್ಲಿನ, 40-50 ಗ್ರಾಂ ಜಾಸ್ತಿ ಭಾರದ ರೀಲು ಹಾಕಿದ ದಿನ ನನ್ನ ಮೊಣಕೈ ಸುಮ್ನಿತ್ತು.

ಹಾಗಾದ್ರೆ ಹಗುರ ಅನ್ನೋದು ಬರೀ ಮೋಸವಾ? ಅಲ್ಲ. ಹಗುರ ಬೇಕು, ಆದರೆ ಸ್ಪೂಲಿನಲ್ಲಿ. ಬೇರೆ ಥರದ ರೀಲುಗಳಲ್ಲಿ, ಅಂದ್ರೆ ಸ್ಪಿನ್ನಿಂಗ್ ರೀಲಲ್ಲಿ, ಎಸೆದಾಗ ಸ್ಪೂಲು ತಿರುಗಲ್ಲ, ದಾರ ಅಂಚಿನಿಂದ ಜಾರಿಕೊಂಡು ಹೋಗುತ್ತೆ. ಬೇಟ್‌ಕಾಸ್ಟಿಂಗ್‌ನಲ್ಲಿ ನಕಲಿ ಮೀನೇ ಸ್ಪೂಲನ್ನು ಎಳೆದು ತಿರುಗಿಸಬೇಕು. ಸೊನ್ನೆಯಿಂದ ಸೆಕೆಂಡಿಗೆ ನೂರಾರು ಸುತ್ತಿನವರೆಗೆ, ಕಣ್ಣು ಮಿಟುಕಿಸೋದರೊಳಗೆ. ಆಮೇಲೆ ಗಾಳಿಗೆ ಸಿಕ್ಕ ಮೀನಿನ ವೇಗ ಇಳಿಯುತ್ತೆ, ಸ್ಪೂಲು ಮಾತ್ರ ಅದೇ ಜೋರಲ್ಲಿ ಸುತ್ತುತ್ತಾ ಇರುತ್ತೆ. ಹೆಬ್ಬೆರಳು ಒತ್ತೋದು ತಡವಾಯ್ತೋ, ದಾರವೆಲ್ಲ ಸಿಕ್ಕು. ಇಲ್ಲಿಯವರು ಅದಕ್ಕೆ ಹಕ್ಕಿಗೂಡು ಅಂತಾರೆ. ಬಿಡಿಸುತ್ತಾ ಕೂತರೆ ಅರ್ಧ ಗಂಟೆ. ಹಗುರ ಸ್ಪೂಲು ಬೇಗ ಶುರುವಾಗುತ್ತೆ, ಬೇಗ ನಿಧಾನವಾಗುತ್ತೆ. ನನ್ನ ಹೊಸ ರೀಲು 7 ಗ್ರಾಂನ ನಕಲಿ ಮೀನನ್ನು ಹಳೇದಕ್ಕಿಂತ ಚೆನ್ನಾಗಿ, ಕೈಗೆ ಬಲ ಹಾಕದೆ ಎಸೀತು ಅಂದ್ರೆ ಅದಕ್ಕೆ ಕಾರಣ ಈ ಸ್ಪೂಲು, ಮೈಯಿಂದ ಕೊರೆದು ತೆಗೆದ ಲೋಹ ಅಲ್ಲ. ಅದೇ ರೀಲಿಗೆ 30 ಗ್ರಾಂನ ದೊಡ್ಡ ನಕಲಿ ಮೀನು ಕಟ್ಟಿ ಎಳೆದಾಗ ಮೈ ಬಾಗೋದು ಅಂಗೈಗೇ ಗೊತ್ತಾಗ್ತಿತ್ತು.

ಕಾಸಿಲ್ಲದ ಉಪಾಯವೂ ಒಂದಿದೆ. ನಾವು ಎಸೆಯೋದು ಮೂವತ್ತು ಮೀಟರ್, ಸ್ಪೂಲಿಗೆ ಸುತ್ತೋದು ನೂರು ಮೀಟರ್. ಉಳಿದ ದಾರ ಪ್ರತಿ ಸಲವೂ ಸುಮ್ನೆ ಜತೆಗೆ ಸುತ್ತುತ್ತಾ ಇರುತ್ತೆ. ದಾರ ಸ್ವಲ್ಪ ಕಮ್ಮಿ ಸುತ್ತಿ ನೋಡಿ, ಹಳೇ ರೀಲೂ ಹಗುರಾಗುತ್ತೆ.

ಅಂಗಡಿಗೆ ಹೋಗೋರು ಹೀಗೆ ಮಾಡಿ ಅಂತ ನನ್ನ ಸಲಹೆ. ರೀಲನ್ನು ಬರೀ ಕೈಯಲ್ಲಿ ಹಿಡಿದು ಆಹಾ ಅನ್ನಬೇಡಿ. ನಿಮ್ಮ ರಾಡು ತಗೊಂಡು ಹೋಗಿ, ಅದಕ್ಕೆ ಕೂರಿಸಿ, ರೀಲಿನ ಮುಂದೆ ಒಂದು ಬೆರಳಿಟ್ಟು ತೂಗಿ, ತುದಿ ಎಷ್ಟು ವಾಲುತ್ತೆ ನೋಡಿ. ಪಕ್ಕದ ಮುಚ್ಚಳ ಒತ್ತಿ, ಬಾಗುತ್ತಾ ನೋಡಿ. ಇಡೀ ರೀಲಿನ ತೂಕ ಹೇಳೋ ಮಾರಾಟಗಾರನ ಹತ್ರ ಸ್ಪೂಲಿನ ತೂಕ ಎಷ್ಟು ಅಂತ ಕೇಳಿ, ಅವನ ಮುಖವನ್ನೂ ನೋಡಿ :-) ಗೇರ್ ಎಷ್ಟು ಅನ್ನೋದು ನೀವು ಎಳೆಯೋ ನಕಲಿ ಮೀನಿನ ಮೇಲೆ ತೀರ್ಮಾನ ಆಗಲಿ. ಮೊದಲ ದಿನ ಬ್ರೇಕು ಪೂರ್ತಿ ಬಿಗಿ ಮಾಡಿ ಶುರು ಮಾಡಿ, ಒಂದೊಂದೇ ಅಂಕಿ ಸಡಿಲಿಸುತ್ತಾ ಬನ್ನಿ.

ಕೊನೆಗೊಂದು ಲೆಕ್ಕ ಹೇಳಿ ಮುಗಿಸ್ತೀನಿ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಅನ್ನೋರು 22 ಪೌಂಡ್ 4 ಔನ್ಸಿನ ಬಾಸ್ ಹಿಡಿದರು, ವಿಶ್ವದಾಖಲೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು ಅದಕ್ಕಿಂತ ಒಂದು ಔನ್ಸಿಗೂ ಕಮ್ಮಿ ಜಾಸ್ತಿ. ದಾಖಲೆ ಮುರಿಯೋಕೆ ಅಷ್ಟು ಸಾಲದು ಅಂತ ಇಬ್ಬರಿಗೂ ಸಮ ಅಂದ್ರು. ನಡುವಿನ 77 ವರ್ಷದಲ್ಲಿ ರೀಲಿನ ಲೋಹ, ಗೇರು, ಬ್ರೇಕು ಎಲ್ಲ ಬದಲಾಯ್ತು. ಮೀನು ಹೆಚ್ಚಿದ್ದು ಮೂವತ್ತು ಗ್ರಾಂಗೂ ಕಮ್ಮಿ!

ಮೀನಿಗೆ ನಮ್ಮ ರೀಲಿನ ತೂಕ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಗೊತ್ತಾಗೋದು ನಮ್ಮ ಮೊಣಕೈಗೆ, ಅದೂ ಸಂಜೆ. ಹಾಗಾಗಿ ಡಬ್ಬದ ಅಂಕಿಗಿಂತ ಮೊಣಕೈನ ಮಾತಿಗೆ ಬೆಲೆ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ. ನೀವೇನಂತೀರಿ?